ರೊಟ್ಟಿ ಮುಟ್ಟಿದ ಮೇಲೆ ಗ್ಲಾಸು ಮುಟ್ಟದವರು

ನನ್ನ ಕೆಲಸ ವಾಡಿಯ ಸಿಮೆಂಟ್ ಕಾರ್ಖಾನೆಯೊಂದರ ಕಾಟಾದಲ್ಲಿ. ಖಾಲಿ ಲಾರಿಯ ತೂಕ, ತುಂಬಿದ ಲಾರಿಯ ತೂಕ, ಎರಡರ ನಡುವಿನ ಅಂತರ ಎಂದು ದಿನವೆಲ್ಲ ಬರೆದು ರೂಢಿಯಾಗಿ, ಮನೆಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ. ಡೈರಿಯಲ್ಲಿ ದಿನಾಂಕ ಹಾಕಿ, ಯಾರು ಸಿಕ್ಕರು, ಏನು ಉಂಡೆ, ಎಷ್ಟು ರೊಟ್ಟಿ ಎಂದು ಬರೆದಿಡುತ್ತೇನೆ. ಗೆಳೆಯರು ನಗುತ್ತಾರೆ. ಸೇಡಂನಲ್ಲಿ ಆ ರವಿವಾರ ಉಂಡ ಊಟದ ಬಗ್ಗೆಯೂ ಹಾಗೇ ಬರೆದಿದ್ದೆ: ನಾಲ್ಕು ಪೋರ್ಚುಗೀಸ್ ವೈನ್, ನಾಲ್ಕು ತಿನಿಸು, ಮೇಜಿಗೆ ನಾಲ್ಕು ಜನ. ಆಮೇಲೆ ಓದಿದಾಗ ಅದರಲ್ಲಿ ಆ ಸಂಜೆ ನಡೆದದ್ದು ಏನೂ ಇರಲಿಲ್ಲ. ಅದಕ್ಕೆ ಇನ್ನೊಮ್ಮೆ ಬರೆಯುತ್ತಿದ್ದೇನೆ.

ಅಡುಗೆ ಮಾಡಿ ಬಡಿಸಿದವನು ನಮ್ಮ ಗೆಳೆಯ. ಸೇಡಂನಲ್ಲಿ ಕಾಲೇಜು ಓದುವಾಗ ನಾವು ನಾಲ್ವರು ಒಂದೇ ಖೋಲಿಯಲ್ಲಿದ್ದೆವು. ಆಗಲೂ ಅಡುಗೆ ಅವನದೇ, ಪಾತ್ರೆ ತೊಳೆಯುವುದು ನಮ್ಮದು. ಕಾಲೇಜು ಮುಗಿದ ಮೇಲೆ ಅವನು ಗೋವಾಕ್ಕೆ ಹೋಗಿ, ಪೋರ್ಚುಗೀಸ್ ಅಡುಗೆ ಮಾಡುವ ಒಂದು ರೆಸ್ಟೋರೆಂಟಿನ ಕಿಚನ್ ಸೇರಿದ. ಉಳ್ಳಾಗಡ್ಡಿ ಹೆಚ್ಚುವುದರಿಂದ ಶುರುಮಾಡಿ ಒಲೆಯ ಮುಂದೆ ನಿಲ್ಲುವವರೆಗೆ ಬಂದ. ಈ ನಡುವೆ ಮದುವೆಯಾಯಿತು. ಹೆಂಡತಿಗೆ ಚಿಂಚೋಳಿ ತಾಲೂಕಿನ ಐನಾಪುರದಲ್ಲಿ ಸರಕಾರಿ ಸಾಲಿಯ ನೌಕರಿ. ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ಇಲ್ಲಿ ಅಕ್ಕೋರು ಎನ್ನುತ್ತಾರೆ, ನಾವೂ ಅವರನ್ನು ಹಾಗೇ ಕರೆಯುವುದು. ಅವರ ಮಗಳು ಈಗ ಅದೇ ಸಾಲಿಗೆ ಹೋಗುತ್ತಾಳೆ. ಆ ಮಗಳು ಹುಟ್ಟಿದಾಗಿನಿಂದ ಗಂಡ ಗೋವಾದಲ್ಲಿ, ಹೆಂಡತಿ ಐನಾಪುರದಲ್ಲಿ. ರಜೆಗೆ ಬಂದ ಅಪ್ಪನ ಹತ್ತಿರ ಹೋಗಲು ಆ ಕೂಸಿಗೆ ಪ್ರತಿ ಸಲವೂ ಒಂದು ದಿನ ಬೇಕಾಗುತ್ತಿತ್ತು.

ಈ ಸಲ ಬಂದವನು ತಿರುಗಿ ಹೋಗದೆ ಇರುವ ದಾರಿ ಹುಡುಕುತ್ತಿದ್ದ. ಸೇಡಂನ ಒಂದು ಬಾರ್ ಮತ್ತು ರೆಸ್ಟೋರೆಂಟಿನ ಮಾಲಕರ ಬಳಿ ಹೋಗಿ, ಅವರ ಮಹಡಿ ಮೇಲಿನ ಹಾಲ್ ತನಗೆ ನಡೆಸಲು ಕೊಡಿ ಎಂದು ಕೇಳಿದ್ದ. ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ, ಹೊರಗಿನಿಂದ ಬಂದ ಇಂಜಿನಿಯರುಗಳಿದ್ದಾರೆ, ಅವರೆಲ್ಲ ಒಳ್ಳೆಯ ಊಟಕ್ಕೆ ಹೈದರಾಬಾದಿಗೆ ಹೋಗುತ್ತಾರೆ, ಇಲ್ಲೇ ವೈನಿನ ಜೊತೆ ಗೋವಾದ ತರಹದ ಊಟ ಕೊಟ್ಟರೆ ನಡೆಯುತ್ತದೆ ಎಂಬುದು ಅವನ ಲೆಕ್ಕ.

ಮಾಲಕರು ವಯಸ್ಸಾದವರು, ಮಾತು ಕಡಿಮೆ. ಅವರು ಹೇಳಿದ್ದನ್ನು ಗೆಳೆಯ ನನಗೆ ಫೋನಿನಲ್ಲಿ ಅವರ ಧ್ವನಿಯಲ್ಲೇ ಒಪ್ಪಿಸಿದ: "ಇಂಜಿನಿಯರ್ ಮಂದಿ ಇವತ್ತ ಇರ್ತಾರ, ನಾಳೆ ಟ್ರಾನ್ಸ್‌ಫರ್. ನನಗ ದಿನಾ ಬರೋರು ನಮ್ ಮಂದಿ. ಬರೋ ರವಿವಾರ ನಿನ್ನ ದೋಸ್ತರನ್ನ ಕುಂದರ್ಸು. ನಮ್ ಮಂದಿ ಈ ಊಟ ಹ್ಯಾಂಗ ಉಣ್ತಾರ ನೋಡ್ತೀನಿ. ಉಂಡ್ರ ಹಾಲ್ ನಿಂದು. ಇಲ್ಲಂದ್ರ ನೀ ಗೋವಾಕ್ಕ ಹೋಗು, ಹಾಲ್ ಬರ್ತಡೇಕ್ಕ ಕೊಡ್ತೀನಿ."

ಗೋವಾದವರು ಅವನಿಗೆ ಕೊಟ್ಟ ರಜೆ ಸೋಮವಾರಕ್ಕೆ ಮುಗಿಯುತ್ತಿತ್ತು.

ಶಹಾಬಾದಿನ ಗೆಳೆಯ, ಅವನದು ನೆಲಕ್ಕೆ ಹಾಸುವ ಪರಸಿ ಕಲ್ಲು ಪಾಲಿಶ್ ಮಾಡುವ ಅಡ್ಡಾ, ಮಧ್ಯಾಹ್ನವೇ ಮೋಟಾರ್ ಸೈಕಲ್ ಮೇಲೆ ವಾಡಿಗೆ ಬಂದ. ಇಬ್ಬರೂ ಸೇಡಂ ಕಡೆಯ ರೈಲು ಹತ್ತಿದೆವು. ಚಿತ್ತಾಪುರದಲ್ಲಿ ಮೂರನೆಯವನು ಹತ್ತಿದ, ತಹಶೀಲ್ ಕಚೇರಿಯಲ್ಲಿ ಗುಮಾಸ್ತ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮದುವೆಗೆ ಹೊರಟವನಂತೆ ಬಂದಿದ್ದ.

"ಅವ ಏನ್ ಕೊಟ್ರೂ ಭೇಷ್ ಅನ್ನೂಣು," ಎಂದ ಶಹಾಬಾದಿನವನು. "ಕಲ್ಲು ಕುದಿಸಿ ಕೊಟ್ರೂ ಭೇಷ್."

"ನೀ ಕಲ್ಲಿಗೆ ರೇಟ್ ಹಚ್ಚತೀ," ಎಂದ ಚಿತ್ತಾಪುರದವನು.

"ನೀ ಅದಕ್ಕೊಂದು ಅರ್ಜಿ ಕೊಡು ಅಂತೀ."

ಹೀಗೆ ನಗುತ್ತ ಹೋದೆವು. ನಮ್ಮ ಕೈಯಲ್ಲಿ ಅವನ ಬದುಕಿನ ಒಂದು ತುಂಡು ಇದೆ ಎಂಬುದು ಮೂವರಿಗೂ ಗೊತ್ತಿತ್ತು. ಮೋಸ ಮಾಡಿಯಾದರೂ ಅವನನ್ನು ಗೆಲ್ಲಿಸುವುದು ಎಂದು ರೈಲಿನಲ್ಲೇ ತೀರ್ಮಾನವಾಗಿತ್ತು.

ಹಾಲಿನಲ್ಲಿ ಒಂದೇ ಮೇಜು ಹಾಕಿಸಿದ್ದ. ಬಿಳಿ ಬಟ್ಟೆ, ಎತ್ತರದ ಕಾಲಿನ ಗ್ಲಾಸುಗಳು. ಅಕ್ಕೋರು ಮಗಳನ್ನು ತಮ್ಮ ತಾಯಿಯ ಹತ್ತಿರ ಬಿಟ್ಟು ಚಿಂಚೋಳಿ ಬಸ್ಸಿಗೆ ಬಂದು, ನಮಗಿಂತ ಮೊದಲೇ ಕುಳಿತಿದ್ದರು. ಅವರು ಕುಡಿಯುವವರಲ್ಲ, ಅವರ ಗ್ಲಾಸಿನಲ್ಲಿ ನೀರು. ಮಾಲಕರು ದೂರದಲ್ಲಿ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಪೇಪರ್ ಹಿಡಿದಿದ್ದರು. ಬಾಟಲಿಗಳನ್ನು ತಮ್ಮ ಲೈಸೆನ್ಸಿನ ಮೇಲೆ ಬೆಂಗಳೂರಿನಿಂದ ತರಿಸಿಕೊಟ್ಟವರು ಅವರೇ. ಮೇಜಿನ ನಟ್ಟನಡುವೆ, ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ಬಿಸಿ ಜೋಳದ ರೊಟ್ಟಿ ಇತ್ತು.

"ಗೋವಾದಾಗ ಬ್ರೆಡ್ ಇಡ್ತೀವಿ," ಎಂದ ಗೆಳೆಯ. "ಇಲ್ಲಿ ನಮ್ಮ ರೊಟ್ಟಿ ಇರ್ಲಿ, ನಿಮಗ ಮನಿಯಾಗ ಉಂಡಂಗ ಆಗ್ಬೇಕು ಅಂತ ಮಾಡ್ಸೀನಿ."

ಆಮೇಲೆ ಉಣ್ಣುವ ರೀತಿ ಹೇಳಿಕೊಟ್ಟ. ಒಂದು ಗುಟುಕು ವೈನ್, ಒಂದು ತುತ್ತು, ಮತ್ತೆ ಗುಟುಕು. ಪ್ರತಿ ತಿನಿಸಿಗೂ ಅದರದೇ ವೈನ್. ಒಂದು ಇನ್ನೊಂದರ ರುಚಿಯನ್ನು ಎತ್ತಿ ಹಿಡಿಯಬೇಕು. ಮೊದಲನೆಯದರ ಹೆಸರು ವಿನ್ಯೊ ವೆರ್ದೆ, ಹಸಿರು ವೈನ್ ಎಂದು ಅರ್ಥ, ಆದರೆ ಬಣ್ಣ ನಿಂಬೆ ನೀರಿನದು. ಅದರ ಜೊತೆಗೆ ಕಾಗಿಣಾ ನದಿಯ ಮೀನು. ಕೆಂಡದ ಮೇಲೆ ಸುಟ್ಟು, ಬೆಳ್ಳೊಳ್ಳಿ ಮತ್ತು ಆಲಿವ್ ಎಣ್ಣೆ ಸವರಿದ್ದು. ಅಷ್ಟು ಹೇಳಿ ಮೀನು ತರಲು ಕಿಚನ್ನಿಗೆ ಹೋದ.

ಆಗ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ, ಅವತ್ತು ಬರಲಿಲ್ಲ. ವೇಟರ್ ಬಾಟಲಿ ತೆಗೆದು ಮೂರು ಗ್ಲಾಸಿಗೆ ವೈನ್ ಬಗ್ಗಿಸಿದ. ಕಿಚನ್ನಿನಿಂದ ಮೀನಿನ ವಾಸನೆ ಬಂತು, ಊಟ ಬರುತ್ತಿದೆ ಎಂದು ತಿಳಿಯಿತು. ಮೂವರೂ ಗ್ಲಾಸು ಎತ್ತಿ ಗಟಗಟ ಖಾಲಿ ಮಾಡಿದೆವು. ಮೂವರೂ ಎದ್ದು ಸಾಲಾಗಿ ನಲ್ಲಿಯ ಕಡೆ ನಡೆದೆವು. ಬಾಯಿ ಮುಕ್ಕಳಿಸಿ, ಕೈ ತೊಳೆದು, ಒರೆಸಿಕೊಂಡು ಬಂದು ಕುಳಿತಾಗ ಗ್ಲಾಸುಗಳು ಇರಲಿಲ್ಲ. ಕೆಳಗಿನ ಬಾರಿನಲ್ಲಿ ತಲೆ ನರೆಯುವಷ್ಟು ಕಾಲ ಕೆಲಸ ಮಾಡಿದ ಆ ವೇಟರ್, ಗಿರಾಕಿಗಳು ಕೈ ತೊಳೆಯಲು ಎದ್ದರೆಂದರೆ ಕುಡಿಯುವುದು ಮುಗಿಯಿತೆಂದು ತಿಳಿದು, ಗ್ಲಾಸು ಬಾಟಲಿ ಎಲ್ಲ ಎತ್ತಿ, ಮೇಜು ಒರೆಸಿ, ಸ್ಟೀಲಿನ ಲೋಟದಲ್ಲಿ ನೀರು ಇಟ್ಟಿದ್ದ.

ಗೆಳೆಯ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಬಂದು ಹಾಗೇ ನಿಂತ.

"ಗ್ಲಾಸ್ ಎಲ್ಲಿ?"

"ಆತಲ್ಲ," ಎಂದ ವೇಟರ್. "ಕುಡದಾರ್ರಿ, ಊಟಕ್ಕ ಕುಂತಾರ."

ಮಾಲಕರು ಪೇಪರಿನ ಪುಟ ತಿರುಗಿಸಿದರು.

ನಾವು ಬೇಕೆಂದು ಮಾಡಿದ್ದಲ್ಲ. ನಮ್ಮ ಕಡೆ ಕುಡಿಯುವುದು ಬೇರೆ, ಉಣ್ಣುವುದು ಬೇರೆ. ಕುಡಿಯುವಾಗ ಶೇಂಗಾ, ಉಳ್ಳಾಗಡ್ಡಿ, ಕುದಿಸಿದ ತತ್ತಿ, ಹುರಿದ ಚಿಕನ್, ಹೀಗೆ ಬಾಯಾಡಿಸಲು ಏನಾದರೂ ಇರುತ್ತದೆ. ಅದಕ್ಕೆ ಚಕ್ನಾ ಎನ್ನುತ್ತಾರೆ, ಅದು ಊಟವಲ್ಲ. ರೊಟ್ಟಿ ಬಂತೆಂದರೆ ಗ್ಲಾಸು ಹೋಗಬೇಕು. ನನ್ನ ಅಪ್ಪ ವಾರಕ್ಕೊಮ್ಮೆ ಕುಡಿಯುತ್ತಿದ್ದರು. ಅದಕ್ಕೆ ಅವ್ವ ಬೈಯುತ್ತಿರಲಿಲ್ಲ. ಆದರೆ ಬಾಯಿ ತೊಳೆಯದೆ ತಾಟಿನ ಮುಂದೆ ಕುಳಿತರೆ ತಾಟನ್ನೇ ಎತ್ತಿಕೊಂಡು ಹೋಗುತ್ತಿದ್ದಳು. ಇದನ್ನು ಯಾರೂ ನನಗೆ ನಿಯಮ ಎಂದು ಹೇಳಿಕೊಟ್ಟಿಲ್ಲ. ನೋಡಿ ನೋಡಿ ಕೈಗೆ ಬಂದದ್ದು, ಅವತ್ತು ಕೈ ತಾನೇ ಮಾಡಿತು. ಗೆಲ್ಲಿಸಲು ಹೋದ ನಾವು ಮೊದಲ ತುತ್ತಿಗೂ ಮುಂಚೆ ಅವನನ್ನು ಅರ್ಧ ಸೋಲಿಸಿದ್ದೆವು.

ಗೆಳೆಯ ಮತ್ತೆ ಗ್ಲಾಸು ತರಿಸಿದ, ಮತ್ತೆ ವೈನ್ ಬಗ್ಗಿಸಿದ. ಈಗ ಮುಂದೆ ಮೀನಿತ್ತು, ರೊಟ್ಟಿಯಿತ್ತು, ತೊಳೆದ ಕೈಯಿತ್ತು. ಮೂವರೂ ಮೀನು ತಿಂದೆವು, ಗ್ಲಾಸಿನ ಕಡೆ ಕೈ ಹೋಗಲಿಲ್ಲ. ಶಹಾಬಾದಿನವನು ಒಪ್ಪಂದದಂತೆ "ಭೇಷ್" ಎಂದ, ಆದರೆ ಗ್ಲಾಸು ಮಾತ್ರ ತುಂಬಿದ್ದು ತುಂಬಿದಂತೆಯೇ ಇತ್ತು.

"ಒಂದ್ ಗುಟುಕರೆ ಹಾಕ್ರಲೇ," ಎಂದ ಗೆಳೆಯ ಮೆಲ್ಲಗೆ.

"ಹಾಕ್ತೀವಿ ತಡಿ, ಊಟಾ ಮುಗೀಲಿ," ಎಂದ ಚಿತ್ತಾಪುರದವನು.

ಅಕ್ಕೋರು ಅಲ್ಲಿಯವರೆಗೆ ಸುಮ್ಮನೆ ಮೀನಿನ ಮುಳ್ಳು ಬಿಡಿಸುತ್ತಿದ್ದರು. ತಲೆ ಎತ್ತದೆ ಗಂಡನಿಗೆ ಹೇಳಿದರು: "ರೊಟ್ಟಿ ಬುಟ್ಟಿ ಒಳಗ ಒಯ್ರಿ. ಅದು ಕಾಣೂತನಾ ಇವರು ಗ್ಲಾಸ್ ಮುಟ್ಟಂಗಿಲ್ಲ."

ಅವನು ಬುಟ್ಟಿಯನ್ನೇ ನೋಡುತ್ತ ನಿಂತ. ನಮ್ಮನ್ನು ಮನೆಯವರಂತೆ ಉಣ್ಣಿಸಬೇಕೆಂದು ಬೆಳಗಿನಿಂದ ಹುಡುಕಿ, ಒಳ್ಳೆಯ ರೊಟ್ಟಿ ಬಡಿಯುವವರನ್ನು ಕರೆಸಿ ಮಾಡಿಸಿದ್ದು ಅದು. ಗೋವಾದಲ್ಲಿ ಬ್ರೆಡ್ಡಿನ ಜೊತೆ ವೈನ್ ಕುಡಿಯುವವರನ್ನೇ ನೋಡಿ ನೋಡಿ, ನಮ್ಮಲ್ಲಿ ರೊಟ್ಟಿಯ ಪಕ್ಕ ಗ್ಲಾಸು ಇಡುವುದಿಲ್ಲ ಎಂಬುದನ್ನು ಮರೆತಿದ್ದ. ಅವನಂತೂ ಊರಲ್ಲಿ ಒಂದು ದಿನವೂ ಕುಡಿದವನಲ್ಲ. ಬುಟ್ಟಿ ಎತ್ತಿಕೊಂಡು ಒಳಗೆ ಹೋದ.

ಎರಡನೆಯ ತಿನಿಸು ಖಾರ ಹಚ್ಚಿ ಸುಟ್ಟ ಕೋಳಿ. ಇಡೀ ಕಾಲು ಕೊಡಬೇಕೆಂದಿದ್ದವನು ಅದನ್ನು ಸಣ್ಣ ಸಣ್ಣ ತುಂಡು ಮಾಡಿ, ನಡುವೆ ಒಂದೇ ತಟ್ಟೆಯಲ್ಲಿ ಇಟ್ಟ. ಜೊತೆಗೆ ಇನ್ನೊಂದು ಬಿಳಿ ವೈನ್, ಮೊದಲನೆಯದಕ್ಕಿಂತ ಗಟ್ಟಿ. ಇನ್ನು ಯಾವ ವಿವರಣೆಯೂ ಬೇಕಾಗಲಿಲ್ಲ. ಕೈಗಳು ತಾವೇ ಹೋದವು, ತುಂಡು ಬಾಯಿಗೆ, ಗ್ಲಾಸು ತುಟಿಗೆ, ಮತ್ತೆ ತುಂಡಿಗೆ. ಖಾರ ಏರುವ ಹೊತ್ತಿಗೆ ತಣ್ಣಗಿನ ವೈನ್ ಬಂದು ಅದನ್ನು ಇಳಿಸುತ್ತಿತ್ತು, ಇಳಿದ ಮೇಲೆ ಮತ್ತೆ ಖಾರ ಬೇಕೆನಿಸುತ್ತಿತ್ತು.

"ಇದು ಖರೇನ ಚಲೋ ಅದ," ಎಂದ ಶಹಾಬಾದಿನವನು. ಈ ಸಲ ಒಪ್ಪಂದಕ್ಕೆ ಹೇಳಿದ್ದಲ್ಲ ಎಂದು ಧ್ವನಿಯಲ್ಲೇ ಗೊತ್ತಾಯಿತು. "ಬಿಯರ್ ಆಗಿದ್ರ ಹೊಟ್ಟಿ ಉಬ್ಬತಿತ್ತು."

"ನಿಂದು ಉಬ್ಬಾಕ ಇನ್ನ ಜಾಗಾ ಎಲ್ಲದ?" ಎಂದ ಚಿತ್ತಾಪುರದವನು.

ತಟ್ಟೆ ಖಾಲಿಯಾಯಿತು, ಮತ್ತೊಂದು ತಂದ. ಮಾಲಕರು ಪೇಪರ್ ಮಡಚಿ ಮೊಣಕಾಲ ಮೇಲಿಟ್ಟಿದ್ದರು. ಗೆಳೆಯನ ಮುಖದಲ್ಲಿ ಬಣ್ಣ ಬಂತು. ಆದರೆ ಅವನ ಮನಸ್ಸು ಮುಂದಿನದರ ಮೇಲಿತ್ತು. ಮೂರನೆಯದೇ ಅವನ ಅಸಲಿ ಅಡುಗೆ. ಪೋರ್ಚುಗಲ್ಲಿನ ಗುಡ್ಡಗಾಡಿನವರು ಆಡಿನ ಮಾಂಸವನ್ನು ಮಣ್ಣಿನ ಗಡಿಗೆಯಲ್ಲಿ ಕೆಂಪು ವೈನಿನಲ್ಲೇ ಬೇಯಿಸುತ್ತಾರಂತೆ. ಗೋವಾದ ಕಿಚನ್ನಿನಲ್ಲಿ ಅದನ್ನು ಕಲಿಯಲು ಅವನಿಗೆ ವರ್ಷಗಳೇ ಹಿಡಿದಿದ್ದವು. ಅವನು ಮಾಡಿದ್ದನ್ನು ತಿಂದ ಒಬ್ಬ ಪೋರ್ಚುಗೀಸ್ ಮುದುಕಿ ಕಿಚನ್ನಿನ ಒಳಗೇ ಬಂದು ಅವನ ಕೈ ಹಿಡಿದಿದ್ದಳು ಎಂದು ಹಿಂದೊಮ್ಮೆ ಹೇಳಿದ್ದ.

ಗಡಿಗೆ ಬಂತು. ಮಾಂಸ ಕಪ್ಪಾಗಿ, ರಸ ಮಂದವಾಗಿ, ಲವಂಗ ಬೆಳ್ಳೊಳ್ಳಿಯ ವಾಸನೆ. ಜೊತೆಗೆ ಕೆಂಪು ವೈನ್. ಮತ್ತೆ ರೊಟ್ಟಿಯ ಬುಟ್ಟಿ.

"ಇದಕ್ಕ ರೊಟ್ಟಿ ಬೇಕ ಬೇಕು," ಎಂದ ಗೆಳೆಯ, ಅಕ್ಕೋರ ಕಡೆ ನೋಡಿ. "ಖಾಲಿ ತಿಂದ್ರ ಇದರ ರಸಕ್ಕ ಅನ್ಯಾಯ."

ಚಿತ್ತಾಪುರದವನು ಎದ್ದು ತನ್ನ ಗ್ಲಾಸನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಬಾಯಿ ತೊಳೆದು ಬಂದು ಕುಳಿತ. ರೊಟ್ಟಿ ಮುರಿದುಕೊಂಡು ಕೇಳಿದ, "ವಾಸನಿ ಬ್ಯಾರೆ ಅದ. ಏನ್ ಹಾಕೀ ಇದರಾಗ?"

ಸುಳ್ಳು ಹೇಳಬಹುದಿತ್ತು. ಹುಣಸೆ, ಕೋಕಂ, ಏನಾದರೂ ಹೇಳಬಹುದಿತ್ತು.

"ಇದ ಕೆಂಪು ವೈನ್," ಎಂದ ಗೆಳೆಯ. "ಒಂದ್ ಬಾಟಲಿ ಪೂರಾ. ತಾಸಗಟ್ಟಲೆ ಬೆಂದದ, ಅಮಲು ಬಿಲ್ಕುಲ್ ಇಲ್ಲ."

ಚಿತ್ತಾಪುರದವನು ರೊಟ್ಟಿಯ ತುಂಡನ್ನು ತಟ್ಟೆಯ ಅಂಚಿಗಿಟ್ಟ. "ಅಮಲಿನ ಮಾತಲ್ಲ ದೋಸ್ತ. ಕುಡಿ ಅಂದ್ರ ಇನ್ನೊಂದು ಬಾಟಲಿ ಕುಡೀತೀನಿ. ಆದ್ರ ಅನ್ನದಾಗ ಕಲಸಿದ್ದು ನನಗ ಇಳಿಯಂಗಿಲ್ಲ. ನನಗೊಂದೀಟು ಶೇಂಗಾ ಹಿಂಡಿ ಇದ್ರ ಕೊಡು. ನೀ ಬ್ಯಾಸರ ಮಾಡ್ಕೋಬ್ಯಾಡ."

ಅವನ ಮಾತಿನಲ್ಲಿ ಹಟವಿರಲಿಲ್ಲ. ಕಣ್ಣಲ್ಲಿ ನೋವಿತ್ತು, ರೈಲಿನಲ್ಲಿ ಆಡಿದ್ದನ್ನು ತಾನೇ ಮುರಿಯುತ್ತಿದ್ದೇನೆ ಎಂಬ ನೋವು. ವೇಟರ್ ಕೆಳಗಿನಿಂದ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಮತ್ತು ಎಣ್ಣೆ ತಂದುಕೊಟ್ಟ. ಶಹಾಬಾದಿನವನು ಮಾಂಸ ತಿಂದ, ಎರಡು ಸಲ ಹಾಕಿಸಿಕೊಂಡ, ಆದರೆ ತಿಂದು ಮುಗಿಯುವವರೆಗೆ ಗ್ಲಾಸು ಮುಟ್ಟಲಿಲ್ಲ. ಅಕ್ಕೋರು ತಿಂದರು. ನಿಧಾನವಾಗಿ, ಮಾಲಕರಿಗೆ ಕಾಣುವ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು, ವೈನಿನಲ್ಲಿ ಬೆಂದದ್ದೆಂದು ಗೊತ್ತಿದ್ದೇ ತಿಂದರು. ಜನ್ಮದಲ್ಲಿ ಗ್ಲಾಸು ಹಿಡಿಯದವರು ತಟ್ಟೆಯ ರಸವನ್ನೂ ರೊಟ್ಟಿಯಿಂದ ಬಳಿದರು.

ನಾನು ರೊಟ್ಟಿಯ ಜೊತೆ ಒಂದು ತುತ್ತು ಮಾಂಸ ಬಾಯಿಗಿಟ್ಟು, ಅಗಿಯುತ್ತಲೇ ಗ್ಲಾಸು ಎತ್ತಿದೆ. ಎತ್ತುವಾಗ ಬಾಗಿಲ ಕಡೆ ನೋಡಿದೆ, ಅವ್ವ ವಾಡಿಯಲ್ಲಿದ್ದಾಳೆಂದು ಗೊತ್ತಿದ್ದರೂ. ನುಂಗಿದೆ. ಗೆಳೆಯ ಹೇಳಿದ್ದು ನಿಜವಾಗಿತ್ತು. ಒಗರಾಗಿದ್ದ ವೈನ್ ಮಾಂಸದ ಜೊತೆ ಮೆತ್ತಗಾಯಿತು, ಮಾಂಸಕ್ಕೆ ಅಲ್ಲಿಯವರೆಗೆ ಇರದಿದ್ದ ಒಂದು ಹುಳಿ ಬಂತು. ಎರಡಕ್ಕೂ ಜೋಳದ ಒಣ ಸಿಹಿ ಚೆನ್ನಾಗಿ ಒಗ್ಗಿತು. ಇಷ್ಟು ರುಚಿಯಾದದ್ದನ್ನು ನಾವು ಯಾಕೆ ದೂರ ಇಟ್ಟಿದ್ದೇವೆ ಎನಿಸಿತು. ಮರುಕ್ಷಣವೇ, ದೂರ ಇಟ್ಟಿದ್ದರಿಂದಲೇ ಅಪ್ಪ ಎಷ್ಟು ಕುಡಿದರೂ ತಾಟಿನ ಮುಂದೆ ಮನುಷ್ಯನಾಗಿ ಕೂಡುತ್ತಿದ್ದರಲ್ಲ ಎಂದೂ ಅನಿಸಿತು. ಎರಡರಲ್ಲಿ ಯಾವುದು ಹೆಚ್ಚು ತೂಗುತ್ತದೆ ಎಂದು ನನಗೆ ಇವತ್ತಿಗೂ ಹೇಳಲಾಗುವುದಿಲ್ಲ.

"ಕೂಡ್ತದ," ಎಂದೆ. "ನೀ ಹೇಳಿದಂಗ ಕೂಡ್ತದ."

ಗೆಳೆಯ ತಲೆಯಾಡಿಸಿದ. ಅವನು ನನ್ನನ್ನಲ್ಲ, ಉಳಿದ ಎರಡು ಗ್ಲಾಸುಗಳನ್ನು ನೋಡುತ್ತಿದ್ದ.

ಕೊನೆಗೆ ಪೋರ್ಟ್ ಎಂಬ ಸಿಹಿ ವೈನ್, ಜೊತೆಗೆ ಹಾಲು ತತ್ತಿಯ ಸಣ್ಣ ಸಣ್ಣ ಕಡುಬಿನಂಥ ಸಿಹಿ. ರೊಟ್ಟಿ ಎದ್ದುಹೋಗಿದ್ದರಿಂದ ಅದು ಸಲೀಸಾಗಿ ಇಳಿಯಿತು. "ಸಣ್ಣವ ಇದ್ದಾಗ ದವಾಖಾನಿಯಾಗ ಇಂಥಾದ್ದ ಟಾನಿಕ್ ಕೊಡ್ತಿದ್ರು," ಎಂದ ಶಹಾಬಾದಿನವನು. "ಆಗ ಗೊತ್ತಿದ್ರ ಆರಾಮನ ಆಗ್ತಿದ್ದಿಲ್ಲ." ಚಿತ್ತಾಪುರದವನೂ ನಕ್ಕ, ಅವನ ಗ್ಲಾಸಿಗೆ ಎರಡನೆಯ ಸಲ ಹಾಕಿಸಿಕೊಂಡ.

ಮಾಲಕರು ಕುರ್ಚಿ ಎಳೆದುಕೊಂಡು ಬಂದು ನಮ್ಮ ಮೇಜಿನ ತುದಿಗೆ ಕುಳಿತರು. ಗಡಿಗೆಯಲ್ಲಿ ಉಳಿದದ್ದನ್ನು ಬಗ್ಗಿ ನೋಡಿದರು.

"ತಮ್ಮಾ, ಹಾಲ್ ಕೊಡ್ತೀನಿ."

ಅಕ್ಕೋರ ಕೈ ಮೇಜಿನ ಬಟ್ಟೆಯ ಮೇಲೆ ನಿಂತುಬಿಟ್ಟಿತು.

"ಆದ್ರ ಮ್ಯಾಲ ಖಾಲಿ ಚಕ್ನಾ. ಆ ಕೋಳಿ, ಮೀನ ತುಂಡು ಮಾಡಿ ಕೊಡು, ಈ ಸಿಹಿ ಕೊಡು, ನಿನ್ನ ವೈನ್ ಕೊಡು. ಊಟ ತೆಳಗ ಇರ್ಲಿ. ಈ ಗಡಿಗಿ ಬ್ಯಾಡ. ನಾಲ್ಕರಾಗ ಒಬ್ಬ ನೀ ಹೇಳ್ದಂಗ ಉಂಡ, ಅವನೂ ನಿನ್ನ ಸಲುವಾಗಿ ಉಂಡಾನ."

"ಅವನ ಸಲುವಾಗಿ ಉಂಡಿಲ್ರಿ," ಎಂದೆ ನಾನು.

"ಇರ್ಲಿ ಬಿಡು," ಎಂದರು ಅವರು, ಸಿಟ್ಟಿಲ್ಲದೆ.

"ರವಿವಾರ ಒಂದ್ ಟೇಬಲ್‌ಗೆರೆ ಗಡಿಗಿ ಇಡ್ತೀನ್ರಿ," ಎಂದ ಗೆಳೆಯ. "ಕೇಳ್ದೋರಿಗಷ್ಟ."

"ಕೇಳೋರು ಬಂದಾಗ ಮಾತಾಡೂಣು. ಈಗ ಬ್ಯಾಡ."

ಚಿತ್ತಾಪುರದವನು ತನ್ನ ತಟ್ಟೆಯ ಹಿಂಡಿಯನ್ನು ಬೆರಳಿನಿಂದ ಒಂದು ಕಡೆ ಕೂಡಿಸುತ್ತಿದ್ದ. ಅವನು ಒಂದು ತುತ್ತು ಉಂಡಿದ್ದರೆ ಏನಾಗುತ್ತಿತ್ತು ಎಂದು ನಾನು ಆಗ ಯೋಚಿಸಿದ್ದು ನಿಜ. ಈಗ ಹಾಗೆ ಅನಿಸುವುದಿಲ್ಲ. ಉಂಡಿದ್ದರೂ ಮಾಲಕರಿಗೆ ಅದು ಗೊತ್ತಾಗುತ್ತಿತ್ತು. ಗ್ಲಾಸು ಎತ್ತುವ ಕೈಗಳನ್ನೇ ಜೀವಮಾನವೆಲ್ಲ ನೋಡಿದವರು ಅವರು. ಗೆಳೆಯ ಮಾತ್ರ ಚಿತ್ತಾಪುರದವನ ಹೆಗಲ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದ. ಮುಚ್ಚಳ ತೆಗೆದುಕೊಂಡು ಗಡಿಗೆಯ ಬಾಯಿಗೆ ಸರಿಯಾಗಿ ಕೂಡಿಸಿದ, ಒಮ್ಮೆ ತಿರುಗಿಸಿ ಗಟ್ಟಿ ಮಾಡಿದ.

"ಆತ್ರಿ," ಎಂದ. "ಚಕ್ನಾ ಮಾಡ್ತೀನಿ."

ಮಾಲಕರು ಎದ್ದು ಕೆಳಗೆ ಹೋದರು. ಗೆಳೆಯ ಅಲ್ಲೇ ನಿಂತು ಗೋವಾಕ್ಕೆ ಫೋನ್ ಹಚ್ಚಿದ. ನಾಳೆ ಬರುವುದಿಲ್ಲ, ಇನ್ನು ಮುಂದೆಯೂ ಬರುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದ. ಆ ಕಡೆಯಿಂದ ಗಟ್ಟಿ ಧ್ವನಿ ನಮಗೂ ಕೇಳಿಸಿತು. ಇವನು "ಹಾಂ ಜೀ, ಹಾಂ ಜೀ" ಎನ್ನುತ್ತ ಕಿಟಕಿಯವರೆಗೆ ಹೋಗಿ ಬಂದ. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಏಪ್ರನ್ನಿಗೆ ಕೈ ಒರೆಸಿಕೊಂಡ.

"ಏನಂದ್ರು?" ಎಂದು ಕೇಳಿದರು ಅಕ್ಕೋರು.

"ಬೈದ್ರು. ಆಮ್ಯಾಲ, ಬಂದು ನಿನ್ನ ಸಾಮಾನ ಒಯ್ಯಿ ಅಂದ್ರು."

"ಏನೇನದಾವ?"

"ಏನದಾವ, ನನ್ನವು ಎರಡು ಚಾಕು. ಒಂದು ಹಾಸಿಗಿ."

ಅಕ್ಕೋರು ಚಿಂಚೋಳಿ ಬಸ್ಸಿಗೆ ಹೊತ್ತಾಯಿತೆಂದು ಎದ್ದು, ಚೀಲ ಹೆಗಲಿಗೆ ಹಾಕಿಕೊಂಡರು.

"ಚಾಕು ತರ್ರಿ," ಎಂದರು. "ಹಾಸಿಗಿ ಅಲ್ಲೇ ಬಿಡ್ರಿ."